ಅಳುವ ಮಗುವಿನ ಮಾತು ಅಂಗನವಾಡಿಗೆ ತಿಳಿಯಬೇಕು

ಕೇರಳ ಸರಕಾರದ ಮಹಿಳಾ ಮತ್ತು ಶಿಶು ಅಭಿವೃದ್ಧಿ ಇಲಾಖೆಯ ನಿರ್ದೇಶಕರಿಗೆ,
ಕಾಸರಗೋಡು ಜಿಲ್ಲಾಧಿಕಾರಿಗಳಿಗೆ,
ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳ ಗ್ರಾಮ ಪಂಚಾಯತು ಅಧ್ಯಕ್ಷರಿಗೆ, ಸದಸ್ಯರಿಗೆ

ಮಾನ್ಯರೇ,

2025ರ ಆರಂಭದಲ್ಲಿ ನಮ್ಮ ರಾಜ್ಯದ ಒಬ್ಬ ಪುಟ್ಟ ಹುಡುಗ ಮನೆಯಲ್ಲಿ ಬಿರಿಯಾನಿ ತಿನ್ನುತ್ತಾ, ಅಂಗನವಾಡಿಯಲ್ಲೂ ಉಪ್ಪಿಟ್ಟಿನ ಬದಲು ಬಿರಿಯಾನಿ, ಹುರಿದ ಕೋಳಿ ಕೊಡಬೇಕು ಎಂದು ಅಮ್ಮನಲ್ಲಿ ಹೇಳಿದ. ಅಮ್ಮ ಅದನ್ನು ವಿಡಿಯೋ ಮಾಡಿದರು. ಊರೆಲ್ಲ ನೋಡಿತು, ಮಂತ್ರಿಗಳೂ ನೋಡಿದರು. ಅದೇ ವರ್ಷ ಜೂನಿನಲ್ಲಿ ಬಂದ ಅಂಗನವಾಡಿಯ ಹೊಸ ಊಟದ ಪಟ್ಟಿಯಲ್ಲಿ ಮೊಟ್ಟೆ ಬಿರಿಯಾನಿಯೂ ಪುಲಾವೂ ಇದ್ದವು. ಒಂದು ಮಗುವಿನ ಮಾತಿಗೆ ಸರಕಾರ ಕಿವಿಗೊಟ್ಟಿತಲ್ಲ ಎಂದು ನಾನಂತೂ ಖುಷಿಪಟ್ಟೆ.

ಆ ಹುಡುಗ ತಟ್ಟೆ ಎಸೆಯಲಿಲ್ಲ, ನೆಲದಲ್ಲಿ ಹೊರಳಲಿಲ್ಲ. ತನಗೆ ಯಾವುದು ಬೇಡ, ಯಾವುದು ಬೇಕು ಎಂದು ಅವನಿಗೆ ಗೊತ್ತಿತ್ತು. ನಂಬಿಕೆಯಿರುವ ಒಬ್ಬರ ಹತ್ತಿರ ಅದನ್ನು ಬಾಯಿಬಿಟ್ಟು ಹೇಳಿದ, ಕೇಳಿದವರಿಗೆ ಅರ್ಥವಾಯಿತು. ತರಬೇತಿಗಳಲ್ಲಿ ‘ಸಾಮಾಜಿಕ ಮತ್ತು ಭಾವನಾತ್ಮಕ ಕೌಶಲ’ ಎಂದು ದೊಡ್ಡ ಹೆಸರಿಟ್ಟು ಹೇಳುವುದರ ಅರ್ಧ ಭಾಗ ಇಲ್ಲೇ ಇದೆ. ಎಣ್ಮಕಜೆಯಲ್ಲೋ ಪೈವಳಿಕೆಯಲ್ಲೋ ಅವನದೇ ವಯಸ್ಸಿನ ಮಗುವೊಂದು ‘ಎಂಕ್ ಇಲ್ಲಡೆ ಪೋವೊಡು’ (ನನಗೆ ಮನೆಗೆ ಹೋಗಬೇಕು) ಎಂದು ತುಳುವಿನಲ್ಲಿ ಅಳುತ್ತಾ ಹೇಳಿದರೆ ಅಲ್ಲಿರುವ ದೊಡ್ಡವರಿಗೆ ಅರ್ಥವಾಗುತ್ತದೆಯೇ ಎಂಬುದೇ ಈ ಪತ್ರದ ಪ್ರಶ್ನೆ.

ನಾನು ಬದಿಯಡ್ಕ ಕಡೆಯವಳು. ಕನ್ನಡ ಮಾಧ್ಯಮದ ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆಯಲ್ಲಿ ಅಧ್ಯಾಪಿಕೆಯಾಗಿದ್ದು ಈಗ ನಿವೃತ್ತಳು. ಸರ್ವೀಸಿನ ಬಹುಪಾಲು ಒಂದನೇ ತರಗತಿಯಲ್ಲೇ ಕಳೆಯಿತು. ‘ಸಣ್ಣ ಕ್ಲಾಸು ನಿಮಗೇ ಸರಿ ಟೀಚರ್’ ಎಂದು ಸಹೋದ್ಯೋಗಿಗಳು ದಾಟಿಸುತ್ತಿದ್ದರು. ಹೊಗಳಿಕೆಯೋ ತಪ್ಪಿಸಿಕೊಳ್ಳುವ ಉಪಾಯವೋ, ಇವತ್ತಿಗೂ ಗೊತ್ತಾಗಿಲ್ಲ.

ಜೂನ್ ತಿಂಗಳ ಮಳೆಯಲ್ಲಿ ಕೊಡೆ, ಬ್ಯಾಗು, ನೀರಿನ ಬಾಟಲಿ ಹಿಡಿದುಕೊಂಡು ಬರುವ ಮಕ್ಕಳಲ್ಲಿ ಯಾರಿಗೆ ಅ ಆ ಇ ಈ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬುದು ಒಂದನೇ ತರಗತಿಯ ಟೀಚರಿಗೆ ಅಂಥ ದೊಡ್ಡ ವಿಷಯವೇ ಅಲ್ಲ. ಅಕ್ಷರ ಬಾರದ ಮಗು ಓಣಂ ರಜೆಯ ಹೊತ್ತಿಗೆ ಹೇಗೂ ಹಿಡಿದುಕೊಳ್ಳುತ್ತದೆ. ನಳ್ಳಿಯ ಹತ್ತಿರ ತನ್ನ ಸರದಿ ಬರುವವರೆಗೆ ನಿಲ್ಲಲಾರದ ಮಗು ಇರುತ್ತದೆ. ಪೆನ್ಸಿಲು ಯಾರಾದರೂ ತೆಗೆದರೆ ಮಾತಿಗಿಂತ ಮೊದಲು ಕೈ ಎತ್ತುವವನು ಇರುತ್ತಾನೆ. ಮೂತ್ರಕ್ಕೆ ಹೋಗಬೇಕು ಎಂದು ಕೇಳಲು ಹೆದರಿ, ಚಡ್ಡಿ ಒದ್ದೆಯಾದ ಮೇಲೆ ಬೆಂಚಿನಿಂದ ಏಳಲು ಒಪ್ಪದವಳು ಇರುತ್ತಾಳೆ. ಆಟದಲ್ಲಿ ಸೋತರೆ ಆ ದಿನವಿಡೀ ಯಾರೊಂದಿಗೂ ಮಾತಾಡದವರಿದ್ದಾರೆ. ಮತ್ತೆ, ಒಂದು ತಿಂಗಳಾದರೂ ಅಳದ, ನಗದ, ಜಗಳವನ್ನೂ ಮಾಡದ ಮಗು. ನನಗೆ ಅತಿ ಹೆಚ್ಚು ಚಿಂತೆ ಹತ್ತಿಸುತ್ತಿದ್ದುದು ಈ ಕೊನೆಯದು.

ಬೀಡಿ ಕಟ್ಟುವ ಅಮ್ಮನ ಮಗಳೊಬ್ಬಳು ಒಂದು ಅಕ್ಷರವೂ ಬಾರದೆ ಬಂದಿದ್ದಳು. ಆದರೆ ಪಕ್ಕದಲ್ಲಿ ಯಾರಾದರೂ ಅತ್ತರೆ ಹೋಗಿ ಬೆನ್ನ ಮೇಲೆ ಕೈಯಿಟ್ಟು ‘ಮಧ್ಯಾಹ್ನ ಆದ ಕೂಡಲೆ ನಿನ್ನ ಅಮ್ಮ ಬರ್ತಾರೆ, ನೋಡು’ ಎನ್ನುತ್ತಿದ್ದಳು. ಮನೆಯಲ್ಲಿ ತಮ್ಮನನ್ನು ಆಡಿಸಿ ಆಡಿಸಿ ಕಲಿತದ್ದು. ಆ ವರ್ಷ ನನ್ನ ಕ್ಲಾಸಿನ ಅರ್ಧ ಕೆಲಸ ಅವಳೇ ಮಾಡಿದಳು. ನರ್ಸರಿಯಲ್ಲಿ ಎರಡು ವರ್ಷ ಇಂಗ್ಲಿಷ್ ಪದ್ಯ ಕಂಠಪಾಠ ಮಾಡಿ ಬಂದವರಲ್ಲಿ ಈ ವಿದ್ಯೆ ಇದ್ದದ್ದು ಕಡಿಮೆ.

ಇದನ್ನು ‘ಸ್ವಭಾವ’ ಎಂದು ಬಿಟ್ಟುಬಿಡುವವರೇ ಹೆಚ್ಚು. ಸ್ವಭಾವದ ಪಾಲು ಇದೆ, ಇಲ್ಲವೆನ್ನುವುದಿಲ್ಲ. ಆದರೆ ಕಲಿಯುವುದಕ್ಕೂ ಒಂದು ಕ್ರಮ ಇದೆ. ಎರಡು ವರ್ಷದ ಮಕ್ಕಳು ಪಕ್ಕಪಕ್ಕ ಕೂತರೂ ಆಡುವುದು ತಂತಮ್ಮ ಆಟ. ‘ಹಂಚಿಕೊಂಡು ಆಡು’ ಎಂದು ಆ ವಯಸ್ಸಿನಲ್ಲಿ ಗದರಿದರೆ ಏನೂ ಪ್ರಯೋಜನವಿಲ್ಲ. ಮೂರೂವರೆ ನಾಲ್ಕರ ಹೊತ್ತಿಗೆ ಒಟ್ಟಿಗೆ ಆಡಲು ತೊಡಗುತ್ತವೆ. ನನಗೆ ಗೊತ್ತಿರುವುದು ಇವನಿಗೆ ಗೊತ್ತಿಲ್ಲ, ನನಗೆ ಬೇಕಾದದ್ದು ಇವನಿಗೆ ಬೇಡ ಎಂಬ ಅರಿವು ಹೆಚ್ಚಿನ ಮಕ್ಕಳಲ್ಲಿ ಮೂಡುವುದು ನಾಲ್ಕು ವರ್ಷದ ಆಸುಪಾಸಿನಲ್ಲಿ. ಸಿಟ್ಟನ್ನು ತಡೆಯುವ, ಕಾಯುವ ಕೆಲಸ ಮಾಡುವ ಮೆದುಳಿನ ಮುಂಭಾಗ ಪೂರ್ತಿ ಬೆಳೆಯಲು ಇಪ್ಪತ್ತು ದಾಟಬೇಕು. ಆದರೆ ಅದರ ಬೆಳವಣಿಗೆ ಅತ್ಯಂತ ಚುರುಕಾಗಿರುವ ಕಾಲಗಳಲ್ಲಿ ಮೂರರಿಂದ ಆರರ ಪ್ರಾಯವೂ ಒಂದು. ನಿಮ್ಮ ಅಂಗನವಾಡಿಯ ಕೈಯಲ್ಲಿರುವುದೂ ಸರಿಯಾಗಿ ಅದೇ ಪ್ರಾಯ.

ನ್ಯೂಜಿಲೆಂಡಿನ ಡ್ಯುನೆಡಿನ್ ಎಂಬ ಊರಿನಲ್ಲಿ 1972-73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಬಿಡದೆ ಹಿಂಬಾಲಿಸಿ ನೋಡಿದ್ದಾರೆ. ಚಿಕ್ಕಂದಿನಲ್ಲಿ ತಮ್ಮನ್ನು ತಾವು ತಡೆದುಕೊಳ್ಳಲು ಹೆಚ್ಚು ಬಲ್ಲವರಾಗಿದ್ದವರು 32ನೇ ವಯಸ್ಸಿಗೆ ಆರೋಗ್ಯದಲ್ಲೂ ಹಣಕಾಸಿನಲ್ಲೂ ಮುಂದಿದ್ದರು. ಬುದ್ಧಿಮತ್ತೆ, ಮನೆಯ ಸ್ಥಿತಿಗತಿ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಹಾಗೆಯೇ ಕಂಡಿತು. ಇದನ್ನು ಓದಿ ಕೆಲವರು ‘ಹಾಗಾದರೆ ಮಕ್ಕಳಿಗೆ ಶಿಸ್ತು ಕಲಿಸಿ’ ಎಂದು ಬೆತ್ತ ಹುಡುಕುತ್ತಾರೆ. ಅವರಿಗೆ ಇನ್ನೊಂದು ಪ್ರಯೋಗದ ಕಥೆ ಹೇಳಬೇಕು.

ಮಗುವಿನ ಮುಂದೆ ಒಂದು ಮಿಠಾಯಿ ಇಟ್ಟು, ತಿನ್ನದೆ ಕಾದರೆ ಎರಡು ಕೊಡುತ್ತೇನೆ ಎನ್ನುವ ಸ್ಟ್ಯಾನ್‌ಫರ್ಡಿನ ಪರೀಕ್ಷೆಯನ್ನು ಅನೇಕರು ಕೇಳಿರುತ್ತೀರಿ. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದವರು ಅದನ್ನೇ ಸ್ವಲ್ಪ ಬದಲಿಸಿ ನಡೆಸಿ 2013ರಲ್ಲಿ ಪ್ರಕಟಿಸಿದರು. ಇದ್ದದ್ದು 28 ಮಕ್ಕಳು ಮಾತ್ರ. ಮೊದಲು ಆ ಮಕ್ಕಳಿಗೆ ಹಳೆಯ ಬಣ್ಣದ ಕಡ್ಡಿ ಕೊಟ್ಟು, ‘ಕಾಯು, ಹೊಸದು ತರುತ್ತೇನೆ’ ಎಂದು ಹೋದರು. ಅರ್ಧದಷ್ಟು ಮಕ್ಕಳಿಗೆ ಹೇಳಿದಂತೆ ತಂದುಕೊಟ್ಟರು. ಉಳಿದವರ ಹತ್ತಿರ ಬರಿಗೈಯಲ್ಲಿ ಬಂದು ‘ಇಲ್ಲವಂತೆ’ ಎಂದರು. ಸ್ಟಿಕ್ಕರಿನ ವಿಷಯದಲ್ಲೂ ಇದೇ ನಡೆಯಿತು. ಆಮೇಲೆ ಮಿಠಾಯಿಯ ಪರೀಕ್ಷೆ. ಮಾತು ಉಳಿಸಿಕೊಂಡ ದೊಡ್ಡವರನ್ನು ಕಂಡ ಮಕ್ಕಳು ಸರಾಸರಿ ಹನ್ನೆರಡು ನಿಮಿಷ ಕಾದರು. ಮಾತು ತಪ್ಪಿದವರನ್ನು ಕಂಡವರು ಮೂರೇ ನಿಮಿಷ.

ತಾಳ್ಮೆ ಇಲ್ಲದ ಮಗು ಎಂದು ನಾವು ಬೈಯುವಾಗ ಎಷ್ಟೋ ಸಲ ಅದರ ಲೆಕ್ಕ ಸರಿಯಾಗಿಯೇ ಇರುತ್ತದೆ. ದೊಡ್ಡವರನ್ನು ನಂಬಿ ಲಾಭವಿಲ್ಲ ಎಂದು ಅದು ಕಂಡುಕೊಂಡಿದೆ. ನಮ್ಮ ಜಿಲ್ಲೆಯಲ್ಲಿ ಇದು ಎಲ್ಲೆಲ್ಲಿ ನಡೆಯುತ್ತದೆ ಎಂದು ನೋಡಿ. ಗಲ್ಫಿನಿಂದ ರಜೆಗೆ ಬಂದ ಅಪ್ಪ ಮಗು ನಿದ್ದೆ ಮಾಡುತ್ತಿರುವಾಗಲೇ ಏರ್‌ಪೋರ್ಟಿಗೆ ಹೊರಡುತ್ತಾರೆ, ಅಳುವುದನ್ನು ನೋಡಲಾರದೆ. ಬೆಳಿಗ್ಗೆ ಎದ್ದು ಕೇಳಿದರೆ ‘ನಾಳೆ ಬರ್ತಾರೆ’ ಎಂಬ ಉತ್ತರ. ಎರಡು ವರ್ಷದ ನಂತರ ಬರುವ ಮನುಷ್ಯನ ಬಗ್ಗೆ ಹೇಳುವ ಮಾತು ಇದು. ಅಂಗನವಾಡಿಯ ಬಾಗಿಲಲ್ಲೂ ಅಷ್ಟೆ: ‘ಈಗ ಬರ್ತೇನೆ, ಐದು ನಿಮಿಷ’ ಎಂದು ಹೋದ ಅಮ್ಮ ಮೂರೂವರೆಗೆ ಬರುತ್ತಾಳೆ. ಮಗುವಿಗೆ ಗಡಿಯಾರ ನೋಡಲು ಬಾರದಿರಬಹುದು, ಸುಳ್ಳು ತಿಳಿಯುತ್ತದೆ. ‘ಊಟ ಆಗಿ, ಮಲಗಿ ಎದ್ದ ಮೇಲೆ ಬರ್ತೇನೆ’ ಎಂದು ಹೇಳಿ, ಅಳಲು ಬಿಟ್ಟು, ಹಾಗೆಯೇ ಬಂದರೆ ಕೆಲವೇ ದಿನಗಳಲ್ಲಿ ಅಳು ತಾನಾಗಿ ಇಳಿಯುತ್ತದೆ. ಇದಕ್ಕೆ ಬಜೆಟಿನಲ್ಲಿ ಒಂದು ಪೈಸೆಯೂ ಬೇಡ.

ಇನ್ನು ಭಾಷೆಯ ಮಾತು. ಅಧಿಕಾರಿಗಳಿಗೆ ಕಿರಿಕಿರಿಯಾಗುವ ಭಾಗ ಇದು, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನನಗೆ ಮಲಯಾಳದ ಮೇಲೆ ಯಾವ ದ್ವೇಷವೂ ಇಲ್ಲ. ನನ್ನ ಮೊಮ್ಮಕ್ಕಳು ಅದನ್ನು ನನಗಿಂತ ಚೆನ್ನಾಗಿ ಮಾತಾಡುತ್ತಾರೆ. ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಎಂದು ಪ್ರತಿ ಸಭೆಯಲ್ಲೂ ಭಾಷಣಕಾರರು ಹೊಗಳುತ್ತಾರೆ. ಆ ಸಂಗಮ ನಿಜವಾಗಿ ನಡೆಯುವುದು ಬಸ್ಸಿನಲ್ಲಿ, ಅಂಗಡಿಯಲ್ಲಿ, ಮಕ್ಕಳ ಕ್ರಿಕೆಟ್ಟಿನಲ್ಲಿ. ಒಂದೇ ಅಂಗನವಾಡಿಗೆ ಬರುವ ಹತ್ತು ಹದಿನೈದು ಮಕ್ಕಳ ಮನೆಗಳಲ್ಲಿ ತುಳು, ಹವ್ಯಕ, ಮರಾಟಿ, ಬ್ಯಾರಿ, ಕೊಂಕಣಿ, ಮಲಯಾಳ ಎಲ್ಲ ಇರುವುದುಂಟು. ಇಂಥಲ್ಲಿ ಟೀಚರಿಗೆ ಏಳೂ ಭಾಷೆ ಬರಬೇಕು ಎಂದು ಯಾರೂ ಕೇಳುತ್ತಿಲ್ಲ. ಊರಿನ ಮಕ್ಕಳಲ್ಲಿ ಹೆಚ್ಚಿನವರು ಮನೆಯಲ್ಲಿ ಆಡುವ ಮಾತು ಅರ್ಥವಾಗಲಿ, ಆ ಮಾತಿನಲ್ಲಿ ಸಮಾಧಾನ ಹೇಳಲು ಬರಲಿ ಎಂದು ಕೇಳುತ್ತಿದ್ದೇವೆ.

ನಮ್ಮ ಎಷ್ಟೋ ಅಂಗನವಾಡಿಗಳಲ್ಲಿ ಟೀಚರ್ ಊರಿನವರೇ ಇದ್ದಾರೆ, ತುಳು, ಕನ್ನಡ ಎರಡನ್ನೂ ನೀರು ಕುಡಿದಂತೆ ಮಾತಾಡುತ್ತಾರೆ. ಅವರಿಗೆ ಕೈ ಮುಗಿಯಬೇಕು. ಆದರೆ ಎಲ್ಲ ಕಡೆ ಹಾಗಿಲ್ಲ. ದೂರದಿಂದ ಬಂದು ಕನ್ನಡವಾಗಲಿ ತುಳುವಾಗಲಿ ಬಾರದೆ ಒದ್ದಾಡುವವರಿದ್ದಾರೆ, ತಪ್ಪು ಅವರದಲ್ಲ. ಅಲ್ಲಿ ಮಗು ಅತ್ತಾಗ ಅಡುಗೆ ಕೋಣೆಯಿಂದ ಸೌಟು ಹಿಡಿದುಕೊಂಡೇ ಆಯಾ ಓಡಿ ಬರಬೇಕಾಗುತ್ತದೆ, ಮಗು ಎಂತ ಹೇಳಿತು ಎಂದು ಟೀಚರಿಗೆ ತಿಳಿಸಲು.

ಹೊಸ ಭಾಷೆಯ ನಡುವೆ ಕೂರಿಸಿದ ಸಣ್ಣ ಮಕ್ಕಳು ಕೆಲವು ವಾರ, ಕೆಲವರು ತಿಂಗಳುಗಟ್ಟಲೆ, ಬಾಯಿಯನ್ನೇ ಬಿಡುವುದಿಲ್ಲ. ಭಾಷೆ ಕಲಿಕೆಯ ಬಗ್ಗೆ ಅಧ್ಯಯನ ಮಾಡಿದವರು ಇದನ್ನು ಮೌನದ ಹಂತ ಎನ್ನುತ್ತಾರೆ. ಅದು ರೋಗವಲ್ಲ, ಮಗು ಕೇಳಿಸಿಕೊಳ್ಳುತ್ತಿರುತ್ತದೆ. ತೊಂದರೆ ಇರುವುದು ದೊಡ್ಡವರು ಅದನ್ನು ಓದುವ ರೀತಿಯಲ್ಲಿ. ಸುಮ್ಮನೆ ಕೂತ ಮಗುವನ್ನು ‘ಪಾಪದ ಮಗು, ಏನೂ ಉಪದ್ರ ಇಲ್ಲ’ ಎಂದು ಮೂಲೆಯಲ್ಲಿ ಬಿಡುತ್ತಾರೆ, ಅಥವಾ ‘ಬುದ್ಧಿ ಸ್ವಲ್ಪ ಕಡಿಮೆ’ ಎಂದು ತೀರ್ಪು ಕೊಡುತ್ತಾರೆ. ಹೊಡೆದವನ ಮೇಲೆ ದೂರು ಹೇಳಲು ಅದಕ್ಕೆ ಮಾತಿಲ್ಲ, ಆಟಕ್ಕೆ ಸೇರಿಸಿಕೊಳ್ಳಿ ಎಂದು ಕೇಳಲು ಮಾತಿಲ್ಲ. ಮಾತು ಇಲ್ಲದಿದ್ದಾಗ ಉಳಿಯುವುದು ಎರಡೇ ದಾರಿ, ಕೈ ಎತ್ತುವುದು ಅಥವಾ ಒಳಗೊಳಗೇ ಮುದುಡುವುದು. ನಾನು ಒಂದನೇ ತರಗತಿಯಲ್ಲಿ ಕಂಡ, ಅಳದ ನಗದ ಮಕ್ಕಳಲ್ಲಿ ಇಂಥವರು ಕಡಿಮೆ ಇರಲಿಲ್ಲ.

ಎರಡನೇ ಭಾಷೆಯೂ ಬೇಕು, ಅದು ಬರುತ್ತದೆ. ಮೊದಲ ಭಾಷೆಯಲ್ಲಿ ‘ನನಗೆ ಸಿಟ್ಟು ಬಂದಿದೆ’, ‘ನನಗೆ ಹೆದರಿಕೆ ಆಗ್ತದೆ’ ಎಂದು ಹೇಳಿ ಅಭ್ಯಾಸವಾದ ಮಗು ಅದನ್ನೇ ಮಲಯಾಳದಲ್ಲಿ ಹೇಳಲು ಬೇಗ ಕಲಿಯುತ್ತದೆ. ಮೊದಲೇ ಬಾಯಿ ಕಟ್ಟಿದರೆ ಯಾವ ಭಾಷೆಯಲ್ಲೂ ಹೇಳುವುದಿಲ್ಲ.

ಕಾನೂನಿನಲ್ಲಿ ಇಲ್ಲೊಂದು ಸಂದಿ ಇದೆ. ರಾಜ್ಯಗಳ ಪುನರ್ವಿಂಗಡಣೆಯಾಗಿ ಕಾಸರಗೋಡು ಕೇರಳಕ್ಕೆ ಸೇರಿದ 1956ರಲ್ಲೇ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯಲ್ಲಿ ಕಲಿಯುವ ಸೌಕರ್ಯ ಒದಗಿಸಬೇಕು ಎಂದು ಅದು ರಾಜ್ಯಗಳಿಗೆ ಹೇಳುತ್ತದೆ. ಆರು ವರ್ಷದೊಳಗಿನ ಮಕ್ಕಳ ಆರೈಕೆ ಮತ್ತು ಶಿಕ್ಷಣದ ಮಾತು ಇರುವುದು 45ನೇ ವಿಧಿಯಲ್ಲಿ, 2002ರ ತಿದ್ದುಪಡಿಯ ನಂತರ. ಅಲ್ಲಿ ಭಾಷೆಯ ಸೊಲ್ಲಿಲ್ಲ. ಒಂದು ಕಡೆ ಭಾಷೆ ಇದೆ, ವಯಸ್ಸು ಇಲ್ಲ. ಇನ್ನೊಂದು ಕಡೆ ವಯಸ್ಸು ಇದೆ, ಭಾಷೆ ಇಲ್ಲ. ಶಾಲೆಗೆ ಕನ್ನಡ ಬಾರದ ಅಧ್ಯಾಪಕರು ಬಂದರೆ ಗೇಟಿನ ಮುಂದೆ ಪ್ರತಿಭಟನೆಯಾಗುತ್ತದೆ, ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಅಂಗನವಾಡಿಯ ವಿಷಯದಲ್ಲಿ ಆ ಗಲಾಟೆಯೇ ಆಗುವುದಿಲ್ಲ, ಏಕೆಂದರೆ ಅದು ಗಂಜಿ ಕೊಡುವ ಜಾಗ ಎಂದು ನಾವೂ ತಿಳಿದಿದ್ದೇವೆ. ಕನ್ನಡದ ಹೋರಾಟಗಾರರಿಗೂ ಇದನ್ನು ಹೇಳುತ್ತಿದ್ದೇನೆ. ನಾಲ್ಕು ವರ್ಷದ ಮಗುವನ್ನು ಬಿಟ್ಟು ಹತ್ತನೇ ತರಗತಿಯಿಂದ ಹೋರಾಟ ಶುರು ಮಾಡಿದರೆ ಹೇಗೆ? ರಾಷ್ಟ್ರೀಯ ಶಿಕ್ಷಣ ನೀತಿಯ ಬಗ್ಗೆ ಕೇಂದ್ರಕ್ಕೂ ಕೇರಳಕ್ಕೂ ನೂರು ತಕರಾರು ಇರಬಹುದು, ಸಣ್ಣ ಮಕ್ಕಳಿಗೆ ಮನೆಯ ಭಾಷೆ ಬೇಕು ಎಂಬ ವಿಷಯದಲ್ಲಿ ಜಗಳ ಇರಲಾರದು.

ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಕೇರಳದಲ್ಲಿ ಮೊದಲು ಬಂದದ್ದು ಮಲಪ್ಪುರದ ವೇಂಗರದಲ್ಲಿ. ಈಗ ರಾಜ್ಯದಲ್ಲಿ 33,000ಕ್ಕಿಂತ ಹೆಚ್ಚು ಕೇಂದ್ರಗಳಿವೆ. ಯೋಜನೆಯ ಆರು ಸೇವೆಗಳಲ್ಲಿ ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ ಎಂದು ಐದು ದೇಹದ ಆರೋಗ್ಯಕ್ಕೆ ಸೇರಿದವು. ಶಾಲಾಪೂರ್ವ ಶಿಕ್ಷಣ ಆರನೆಯದು. ಮಗುವಿನ ತೂಕ, ಎತ್ತರ ಪೋಷಣ್ ಟ್ರ್ಯಾಕರ್ ಆ್ಯಪಿಗೆ ಹೋಗುತ್ತದೆ. ಮೇಲಿನವರು ಕೇಳುವುದು ಅದನ್ನೇ, ಆದ್ದರಿಂದ ಕೆಳಗಿನವರು ಮಾಡುವುದೂ ಅದನ್ನೇ. ಆಹಾರದ ಪೊಟ್ಟಣ ಕೊಡುವಾಗ ತಾಯಿಯ ಮುಖವನ್ನು ಆ್ಯಪಿಗೆ ತೋರಿಸುವ ಕೆಲಸವೂ ಈಗ ಸೇರಿಕೊಂಡಿದೆ. ಗುಡ್ಡದ ಬದಿಯ ನೆಟ್‌ವರ್ಕ್ ಹೇಗೆ ಎಂದು ನಿಮಗೆ ಗೊತ್ತು. ಟೀಚರ್ ಅಂಗಳದ ತುದಿಯಲ್ಲಿ ಮೊಬೈಲ್ ಎತ್ತಿ ಹಿಡಿದು ನಿಂತಿರುತ್ತಾರೆ, ಮಕ್ಕಳು ಒಳಗೆ ಟಿವಿಯ ಮುಂದೆ ಇರುತ್ತಾರೆ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಪರದೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮನೆಯಲ್ಲಿ ಊಟ ಮಾಡಿಸುವಾಗಲೇ ಆ ಒಂದು ಗಂಟೆ ಮುಗಿದಿರುತ್ತದೆ.

ಹಾಗಾದರೆ ಟೀಚರ್ ಎಂತ ಮಾಡಬೇಕು? ಹೊಸ ಕಿಟ್ ಬೇಡ, ದಯವಿಟ್ಟು. ಪ್ಲಾಸ್ಟಿಕ್ ಡಬ್ಬದಲ್ಲಿ ಬಂದು ಕಪಾಟಿನಲ್ಲಿ ಬೀಗ ಹಾಕಿಸಿಕೊಂಡ ಎಷ್ಟೋ ಕಿಟ್‌ಗಳನ್ನು ನೋಡಿದ್ದೇನೆ. ಒಂದು ಅಡಿಕೆ ಹಾಳೆ ಸಾಕು. ನಮ್ಮ ತೋಟಗಳಲ್ಲಿ ಹಾಳೆಗೆ ಬರವಿಲ್ಲ. ಒಬ್ಬ ಹಾಳೆಯ ಮೇಲೆ ಕೂರಬೇಕು, ಇನ್ನೊಬ್ಬ ಸೋಗೆಯ ತುದಿ ಹಿಡಿದು ಅಂಗಳದ ಆಚೆ ತುದಿಯವರೆಗೆ ಎಳೆಯಬೇಕು. ಕೂರಲು ಎಲ್ಲರಿಗೂ ಆಸೆ, ಎಳೆಯಲು ಯಾರಿಗೂ ಇಲ್ಲ. ಅಲ್ಲಿಂದಲೇ ಪಾಠ ಶುರು. ಮೊದಲು ಯಾರು? ನಾನು ಎಳೆದರೆ ನೀನೂ ಎಳೆಯುತ್ತೀಯಲ್ಲ? ತೀರಾ ಜೋರಾಗಿ ಎಳೆದರೆ ಕೂತವನು ಮಗುಚಿ ಬೀಳುತ್ತಾನೆ, ಬಿದ್ದವನು ಅಳುತ್ತಾನೆ, ಎಳೆದವನ ಮುಖ ಸಣ್ಣದಾಗುತ್ತದೆ. ಆಗ ಟೀಚರ್ ಬೈಯದೆ ಬಗ್ಗಿ ಕೂತು, ‘ಅವನಿಗೆ ನೋವಾಯಿತು, ನೋಡು ಮುಖ. ನಿನಗೂ ಬೇಜಾರಾಯಿತಲ್ಲ? ಈಗ ಎಂತ ಮಾಡುವ?’ ಎಂದು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರೆ, ಮಕ್ಕಳೇ ದಾರಿ ಹುಡುಕುತ್ತಾರೆ. ಒಬ್ಬಳು ನೀರು ತರುತ್ತಾಳೆ. ಇನ್ನೊಬ್ಬ ‘ನನ್ನ ಸರದಿ ಅವನಿಗೆ ಕೊಡಿ’ ಎನ್ನುತ್ತಾನೆ. ದಪ್ಪ ಹುಡುಗನನ್ನು ಒಬ್ಬರೇ ಎಳೆಯಲಾರರು, ಇಬ್ಬರು ಸೇರಬೇಕು, ಇಬ್ಬರೂ ಒಂದೇ ದಿಕ್ಕಿಗೆ ಎಳೆಯಬೇಕು. ಹಾಳೆ ಹರಿದಾಗ ಆಟ ಮುಗಿಯಿತು ಎಂದು ಒಪ್ಪಿಕೊಳ್ಳುವುದೂ ಅದರಲ್ಲೇ ಇದೆ. ಕಾಯುವುದು, ಒಪ್ಪಂದ ಮಾಡುವುದು, ಇನ್ನೊಬ್ಬರ ಮುಖ ಓದುವುದು, ತಪ್ಪಿಗೆ ಪರಿಹಾರ ಹುಡುಕುವುದು ಎಲ್ಲವೂ ಅರ್ಧ ಗಂಟೆಯಲ್ಲಿ ಆಗಿಹೋಯಿತು. ಆದರೆ ಆ ಅರ್ಧ ಗಂಟೆ ಟೀಚರ್ ಅಂಗಳದಲ್ಲೇ ಇರಬೇಕು, ಕೈಯಲ್ಲಿ ಮೊಬೈಲ್ ಇರಬಾರದು, ಮತ್ತು ‘ಈಗ ಎಂತ ಮಾಡುವ’ ಎಂಬ ಪ್ರಶ್ನೆ ಮಕ್ಕಳಿಗೆ ಅರ್ಥವಾಗುವ ಮಾತಿನಲ್ಲಿ ಬರಬೇಕು.

ಕಥೆಗೂ ನಮ್ಮಲ್ಲಿ ಕೊರತೆ ಇಲ್ಲ. ಕಾಸರಗೋಡಿನಲ್ಲಿ ಯಕ್ಷಗಾನ ಗೊಂಬೆಯಾಟದ ತಂಡವೇ ಇದೆ. ತನ್ನ ಹೆದರಿಕೆಯನ್ನು ಟೀಚರಿಗೆ ಹೇಳದ ಮಗು ಗೊಂಬೆಯ ಕಿವಿಯಲ್ಲಿ ಹೇಳುತ್ತದೆ. ಹಳೆಯ ಕಾಲುಚೀಲಕ್ಕೆ ಎರಡು ಗುಂಡಿ ಹೊಲಿದರೂ ಗೊಂಬೆಯೇ.

ಕೊರಗ ಆದಿವಾಸಿಗಳ ಕಾಲೊನಿಗಳ ಮಕ್ಕಳ ವಿಷಯ ಬೇರೆಯೇ ಹೇಳಬೇಕು. ಕೇರಳದ ಕೊರಗ ಸಮುದಾಯ ಹೆಚ್ಚಾಗಿ ಇರುವುದು ನಮ್ಮ ಈ ಎರಡು ತಾಲೂಕುಗಳಲ್ಲೇ. ಆ ಮಕ್ಕಳು ಹೆಸರಿಗೆ ದಾಖಲಾಗಿರುತ್ತಾರೆ, ಬರುವುದು ಕಡಿಮೆ. ಬಂದರೆ ಬೇರೆ ಮಕ್ಕಳು ಪಕ್ಕ ಕೂರುವುದಿಲ್ಲ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ನಾಲ್ಕು ವರ್ಷದ ಮಗು ಅದನ್ನು ತಾನಾಗಿ ಕಂಡುಹಿಡಿಯುವುದಿಲ್ಲ, ಮನೆಯಿಂದ ತಂದಿರುತ್ತದೆ. ಶಿಶುಶಿಕ್ಷಣಕ್ಕಾಗಿ ದುಡಿದ ತಾರಾಬಾಯಿ ಮೋಡಕ್ 1940ರ ದಶಕದಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಮಾಡಿದ ಕೆಲಸ ಇಲ್ಲಿ ನೆನಪಾಗುತ್ತದೆ. ಬಾಲವಾಡಿಗೆ ಮಕ್ಕಳು ಬಾರದಿದ್ದಾಗ ಅವರು ಮಕ್ಕಳನ್ನು ಬೈಯಲಿಲ್ಲ, ಬಾಲವಾಡಿಯನ್ನೇ ಆ ಮಕ್ಕಳ ಮನೆಯಂಗಳಕ್ಕೆ ಒಯ್ದರು. ವಾರಕ್ಕೆ ಒಂದು ದಿನವಾದರೂ ನಮ್ಮ ಅಂಗನವಾಡಿ ಕಾಲೊನಿಯ ಅಂಗಳದಲ್ಲಿ ನಡೆಯಬಾರದೇಕೆ? ಉಳಿದ ಮಕ್ಕಳೂ ಅಲ್ಲಿಗೇ ಹೋಗಲಿ.

ಹಾಗೆಯೇ ಎಂಡೋಸಲ್ಫಾನ್. ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಆ ಕೀಟನಾಶಕ ವಿಷದ ನೆರಳು ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯಂಥ ಪಂಚಾಯತುಗಳ ಮನೆಗಳಲ್ಲಿ ಈಗಲೂ ಇದೆ. ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳಿಗಾಗಿ ಬಡ್ಸ್ ಶಾಲೆಗಳು ಬಂದದ್ದು ದೊಡ್ಡ ಉಪಕಾರ. ಆದರೆ ಮೂರು ನಾಲ್ಕು ವರ್ಷದಲ್ಲಿ, ನಡೆಯಲಾರದ, ಮಾತಾಡಲಾರದ ಮಗು ಊರಿನ ಅಂಗನವಾಡಿಯಲ್ಲೇ ಉಳಿದ ಮಕ್ಕಳ ಜೊತೆ ಕೆಲವು ಗಂಟೆ ಇರಬಹುದಾದರೆ ಇರಲಿ. ಅದರಿಂದ ಆ ಮಗುವಿಗೆ ಆಗುವ ಲಾಭದಷ್ಟೇ ಉಳಿದವರಿಗೂ ಆಗುತ್ತದೆ. ಮಾತಿಲ್ಲದ ಗೆಳೆಯನಿಗೆ ಹಸಿವಾಗಿದೆ ಎಂದು ಮೊದಲು ಗುರುತಿಸುವುದು ಹೆಚ್ಚಾಗಿ ಪಕ್ಕದ ಮಗುವೇ.

ತಂದೆತಾಯಿಯರಿಗೆ ಒಂದೆರಡು ಮಾತು. ‘ಗಂಡು ಮಕ್ಕಳು ಅಳಬಾರದು’, ‘ಟೀಚರ್ ಹತ್ತಿರ ಹೇಳ್ತೇನೆ, ಪೆಟ್ಟು ಬೀಳ್ತದೆ’ ಎನ್ನುವುದನ್ನು ಬಿಡಿ. ಟೀಚರ್ ಎಂದರೆ ಗುಮ್ಮ ಎಂದು ನೀವೇ ಹೇಳಿಕೊಟ್ಟು, ಆಮೇಲೆ ಮಗು ಅಂಗನವಾಡಿಗೆ ಹೋಗುವುದಿಲ್ಲ ಎಂದು ದೂರಬೇಡಿ. ಎಲ್‌ಕೆಜಿ ಸೀಟಿಗೆ ಮಗುವಿನ ಸಂದರ್ಶನ ಮಾಡುವ ಶಾಲೆಗಳಿಂದ ದೂರವಿರಿ. ಶಾಲೆಗೆ ಸೇರಿಸಲು ಮಗುವನ್ನೋ ಹೆತ್ತವರನ್ನೋ ಪರೀಕ್ಷಿಸುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ತಡೆಯುತ್ತದೆ.

ಇಲಾಖೆಯವರಲ್ಲಿ ನನ್ನ ಬೇಡಿಕೆಗಳು ಹೆಚ್ಚಿಲ್ಲ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಕನ್ನಡ, ತುಳು ಮಾತಾಡುವ ಊರುಗಳಿಗೆ ಟೀಚರ್ ಅಥವಾ ಹೆಲ್ಪರ್ ನೇಮಿಸುವಾಗಲೂ ವರ್ಗಾಯಿಸುವಾಗಲೂ ಇಬ್ಬರಲ್ಲಿ ಒಬ್ಬರಿಗಾದರೂ ಊರಿನ ಮಾತು ಬರಬೇಕು ಎಂದು ಲಿಖಿತ ಆದೇಶ ಹೊರಡಿಸಿ, ಟೀಚರಿಗೇ ಬಂದರೆ ಉತ್ತಮ. ಮಾಯಿಪ್ಪಾಡಿಯ ಡಯಟ್‌ನಲ್ಲಿ (ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆ) ಕನ್ನಡದಲ್ಲೇ ಅವರಿಗೆ ತರಬೇತಿ ನಡೆಯಲಿ. ಚಟುವಟಿಕೆ ಪುಸ್ತಕ, ಹಾಡು, ಕಥೆ ಕನ್ನಡದಲ್ಲಿ, ಜೂನ್ ತಿಂಗಳಲ್ಲೇ ಕೈಗೆ ಸಿಗಲಿ. ಅಕ್ಟೋಬರಿನಲ್ಲಿ ಬಂದ ಪುಸ್ತಕ ಕಪಾಟಿಗೆ ಮಾತ್ರ ಉಪಯೋಗ. ದಿನದ ಮೊದಲ ಎರಡು ಗಂಟೆ ಆ್ಯಪ್ ತೆರೆಯಬೇಕಾಗಿಲ್ಲ ಎಂದು ಬರೆದು ಕೊಡಿ, ಬಾಯಿಮಾತಲ್ಲಿ ಬೇಡ. ಸೂಪರ್‌ವೈಸರ್ ಬಂದಾಗ ರಿಜಿಸ್ಟರ್ ನೋಡುವ ಮೊದಲು ಹತ್ತು ನಿಮಿಷ ಅಂಗಳದಲ್ಲಿ ಕೂತು ಮಕ್ಕಳ ಆಟ ನೋಡಲಿ, ಬಾಯಿಬಿಡದ ಮಗು ಯಾವುದು, ಅದರ ಮನೆ ಮಾತು ಯಾವುದು ಎಂದು ಕೇಳಲಿ. ಒಂದು ವಿಷಯಕ್ಕೆ ಮಾತ್ರ ಹುಷಾರು: ಮಕ್ಕಳ ಸಿಟ್ಟಿಗೂ ಸ್ನೇಹಕ್ಕೂ ಅಂಕ ಕೊಡುವ ಹೊಸ ಕಾಲಂ ಒಂದನ್ನು ಆ್ಯಪಿಗೆ ಸೇರಿಸಿಬಿಡಬೇಡಿ.

ಪಂಚಾಯತಿನವರೇ, ಅಂಗನವಾಡಿ ನಿಮ್ಮ ಸುಪರ್ದಿಯಲ್ಲಿದೆ. ಪ್ರವೇಶೋತ್ಸವದ ದಿನ ಬಲೂನು, ಮಿಠಾಯಿ, 
ಭಾಷಣ ಎಲ್ಲ ಇರಲಿ. ಅದರ ನಂತರದ ಒಂದು ವಾರ ಅಮ್ಮನೋ ಅಜ್ಜಿಯೋ ಮಗುವಿನ ಜೊತೆ ಒಳಗೆ ಕೂರಲು ಬಿಡಿ. ಮೊದಲ ದಿನ ಪೂರ್ತಿ, ಮರುದಿನ ಸ್ವಲ್ಪ ಕಡಿಮೆ, ಹೀಗೆ. ಕೂಲಿಗೆ ಹೋಗುವ ತಾಯಿಗೆ ಅದು ಆಗದು, ಅಂಥಲ್ಲಿ ಕುಟುಂಬಶ್ರೀ ಮಹಿಳಾ ಸ್ವಸಹಾಯ ಸಂಘದ ಒಬ್ಬರು ಪರಿಚಯದ ಹೆಂಗಸು ಕೂರಬಹುದು, ಆಕೆಗೆ ಆ ದಿನಗಳ ಕೂಲಿಯನ್ನು ಪಂಚಾಯತು ಕೊಡಬೇಕು. ವಾರ್ಷಿಕ ಯೋಜನೆಯಲ್ಲಿ ಇದಕ್ಕೆ ಬೇಕಾಗುವ ಹಣ ಒಂದು ಇಂಟರ್‌ಲಾಕ್ ಅಂಗಳದ ಖರ್ಚಿಗಿಂತ ಎಷ್ಟೋ ಕಡಿಮೆ. ಮುಂದಿನ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಿಸಿ. ನಮ್ಮ ವಾರ್ಡಿನ ಸಭೆಗೆ ನಾನು ಬರುತ್ತೇನೆ, ಅಡಿಕೆ ಹಾಳೆಯನ್ನೂ ತರುತ್ತೇನೆ. ಎಳೆಯುವವರು ಯಾರು ಎಂದು ಸದಸ್ಯರೇ ತೀರ್ಮಾನಿಸಿ.

ಇತಿ,
ಬದಿಯಡ್ಕ ಕಡೆಯ ಒಬ್ಬಳು ನಿವೃತ್ತ ಅಧ್ಯಾಪಿಕೆ